ಮನೆಯ ಸರ್ವರ್‌ಗೂ ಸ್ವಂತ ಹೆಸರು ಬೇಕೆ?

ಬೇಕು, ಒಂದು ಡೊಮೇನ್ ಹೆಸರನ್ನು ಖಂಡಿತ ಕೊಳ್ಳಿ. ಮನೆಮಂದಿಯ ಫೋಟೊಗಳೆಲ್ಲ ನಿಮ್ಮ ಸರ್ವರ್‌ನ ನೆಕ್ಸ್ಟ್‌ಕ್ಲೌಡ್‌ನಲ್ಲಿವೆ ಎಂದಿದ್ದೀರಿ. ಅವನ್ನು ನೋಡಲು 192.168.1.20 ಎಂಬ ಅಂಕಿಗಳನ್ನು ನಿಮ್ಮ ತಾಯಿ ನೆನಪಿಟ್ಟುಕೊಳ್ಳಬೇಕೆ? ಅದಕ್ಕಿಂತ ದೊಡ್ಡ ಕಾರಣ, ಬ್ರೌಸರ್ ತೋರಿಸುವ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಅದನ್ನು ಲೆಕ್ಕಿಸದೆ ಮುಂದೆ ಹೋಗುವುದು ಮನೆಯವರಿಗೆ ರೂಢಿಯಾದರೆ, ನಾಳೆ ಬ್ಯಾಂಕಿನ ನಕಲಿ ತಾಣದಲ್ಲೂ ಹಾಗೇ ಒತ್ತಿಬಿಡುತ್ತಾರೆ. ನನ್ನ ಭಯ ಇದೇ.

ಡೊಮೇನ್ ನಿಮ್ಮದಾಗಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಆ ಎಚ್ಚರಿಕೆಯನ್ನು ತಪ್ಪಿಸುವ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ. ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸಿ ಒಡೆತನ ತೋರಿಸಿದರೆ ಸಾಕು; ರೌಟರ್‌ನ ಒಂದು ಪೋರ್ಟನ್ನೂ ಹೊರಗಿನವರಿಗೆ ತೆರೆಯಬೇಕಿಲ್ಲ. 2018ರಿಂದ ಉಪಹೆಸರುಗಳಿಗೆಲ್ಲ ಸೇರಿ ಒಂದೇ ಪತ್ರವೂ ಸಿಗುತ್ತಿದೆ. ‘.ಲೋಕಲ್’ ಹೆಸರಿಗೆ ಈ ಅನುಕೂಲವಿಲ್ಲ.

ಸರ್ವರ್ ಬದಲಾದರೂ ಫೋನುಗಳಲ್ಲಿ ವಿಳಾಸ ತಿದ್ದುವ ಕೆಲಸವಿಲ್ಲ. ಡೊಮೇನ್‌ಗೆ ಸ್ವಯಂ ನವೀಕರಣವನ್ನು ಮಾತ್ರ ಕೊಂಡ ದಿನವೇ ಹಾಕಿಡಿ.