ಗೂಗಲ್ ಹುಡುಕಾಟದಲ್ಲಿ ಮೇಲಿನ ಸ್ಥಾನ: ಸಣ್ಣ ಉದ್ಯಮಿಗಳು ಅರಿಯಬೇಕಾದುದು

ಬಾಳೆಲೆಯಂತಹ ಊರಿನಲ್ಲಿ ಕಾಫಿ ಪುಡಿ, ಕರಿಮೆಣಸು ಅಥವಾ ಜೇನು ಮಾರುವ ಉದ್ಯಮಿಗೆ ಅಂತರಜಾಲ ತಾಣವು ಎರಡನೆಯ ಮಳಿಗೆಯಿದ್ದಂತೆ. ಗ್ರಾಹಕನು ಗೂಗಲ್‌ನಲ್ಲಿ ಹುಡುಕಿದಾಗ ಆ ತಾಣವು ಐದನೆಯ ಪುಟದಲ್ಲಿ ದೊರೆತರೆ ಮಳಿಗೆಯ ಬಾಗಿಲು ಮುಚ್ಚಿದಂತೆಯೇ ಸರಿ. ಈ ಆತಂಕವನ್ನೇ ಬಂಡವಾಳ ಮಾಡಿಕೊಂಡು, ‘ಮೊದಲ ಸ್ಥಾನ ಖಚಿತ’ ಎಂದು ವಾರ್ಷಿಕ ಗುತ್ತಿಗೆಗೆ ಹಣ ಕೇಳುವವರಿದ್ದಾರೆ. ಅಂತಹ ಖಾತರಿಯನ್ನು ಯಾರೂ ನೀಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಜಾಹೀರಾತಿಗೆ ಹಣ ತೆತ್ತರೂ ಸಹಜ ಫಲಿತಾಂಶಗಳ ಕ್ರಮ ಬದಲಾಗದು.

1998ರಲ್ಲಿ ಸ್ಥಾಪನೆಯಾದ ಗೂಗಲ್, ಒಂದು ತಾಣಕ್ಕೆ ಇತರ ತಾಣಗಳು ಕೊಡುವ ಲಿಂಕ್‌ಗಳನ್ನು ಶಿಫಾರಸುಗಳಂತೆ ಪರಿಗಣಿಸಿತು. ಇದರಿಂದ ಲಿಂಕ್‌ಗಳ ಮಾರಾಟವೇ ಒಂದು ದಂಧೆಯಾಯಿತು. 2012ರ ‘ಪೆಂಗ್ವಿನ್’ ಪರಿಷ್ಕರಣೆಯು ಇಂತಹ ತಾಣಗಳನ್ನು ಕೆಳಕ್ಕಿಳಿಸಿತು. ಆದ್ದರಿಂದ ಕೊಂಡ ಲಿಂಕ್ ಲಾಭಕ್ಕಿಂತ ನಷ್ಟವನ್ನೇ ತಂದೀತು.

ಉದ್ಯಮಿಯು ಸ್ವತಃ ಕೈಗೊಳ್ಳಬಹುದಾದ ಕ್ರಮಗಳು ಇಂತಿವೆ:

1. ಹೊರಗಿನ ಅನೇಕ ಗ್ರಾಹಕರು ‘ಕೊಡಗು’ ಎಂಬುದರ ಬದಲು ‘ಕೂರ್ಗ್’ ಎಂದೇ ಹುಡುಕುತ್ತಾರೆ. ಎರಡೂ ಹೆಸರುಗಳು ಪುಟದಲ್ಲಿ ಸಹಜವಾಗಿ ಬರಬೇಕು.

2. ಪ್ರತಿ ಸರಕಿಗೂ ಪ್ರತ್ಯೇಕ ಪುಟವಿರಲಿ. ಕಾಫಿಯಾದರೆ ಅರೇಬಿಕಾವೋ ರೋಬಸ್ಟಾವೋ, ಚಿಕೋರಿಯ ಪ್ರಮಾಣವೆಷ್ಟು, ತೂಕ ಮತ್ತು ಬೆಲೆ ಎಷ್ಟು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.

3. ಗೂಗಲ್ ಈಗ ಮೊಬೈಲ್‌ನಲ್ಲಿ ತೆರೆಯುವ ಪುಟವನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ. ಭಾರೀ ಗಾತ್ರದ ಚಿತ್ರಗಳಿಂದ ಪುಟವು ನಿಧಾನವಾಗಬಾರದು.

4. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅದರಲ್ಲಿನ ವಿಳಾಸ, ದೂರವಾಣಿ ಮತ್ತು ವೇಳೆ ತಾಣದಲ್ಲಿರುವುದರೊಂದಿಗೆ ತಾಳೆಯಾಗಬೇಕು.

5. ಡೊಮೈನ್ ಹೆಸರಿನ ನೋಂದಣಿಯು ಉದ್ಯಮಿಯ ಹೆಸರಿನಲ್ಲೇ ಇರಲಿ. ತಾಣ ನಿರ್ಮಿಸಿದವರ ಹೆಸರಿನಲ್ಲಿದ್ದರೆ, ವ್ಯವಹಾರ ಮುರಿದಾಗ ವರ್ಷಗಳ ಶ್ರಮವೂ ಕೈತಪ್ಪಬಹುದು.

ಸ್ಥಾನವು ಮೇಲೇರುವ ಮುನ್ನವೇ ತೆರಿಗೆಯ ವಿಚಾರವನ್ನೂ ಗಮನಿಸುವುದು ಅಗತ್ಯ. ಕೇರಳದ ಗಡಿ ಬಾಳೆಲೆಗೆ ದೂರವಲ್ಲ. ತಾಣದ ಮೂಲಕ ಚೆನ್ನೈ, ಮುಂಬೈಗಳಿಂದಲೂ ಬೇಡಿಕೆ ಬರಬಹುದು. ಆದರೆ ಜಿಎಸ್‌ಟಿಯಲ್ಲಿ ‘ಕಾಂಪೊಸಿಷನ್’ ಎಂದು ಪರಿಚಿತವಾದ ರಾಜಿ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಪೂರೈಸುವಂತಿಲ್ಲ. ನೋಂದಣಿಯೇ ಇಲ್ಲದವರು ತೆರಿಗೆಗೊಳಪಡುವ ಕಾಫಿ ಪುಡಿಯಂತಹ ಸರಕನ್ನು ಹೊರರಾಜ್ಯಕ್ಕೆ ಮಾರಬೇಕಾದರೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಪಡೆಯಬೇಕು. ಆಹಾರ ಸರಕಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿಯೂ ಬೇಕು.

ಕೊನೆಯದಾಗಿ, ಲೆಕ್ಕದ ಮಾತು. ಯಾವ ಪದ ಹುಡುಕಿದವರು ತಾಣಕ್ಕೆ ಬಂದರೆಂಬುದನ್ನು ‘ಸರ್ಚ್ ಕನ್ಸೋಲ್’ ಉಚಿತವಾಗಿ ತಿಳಿಸುತ್ತದೆ. ಬಂದ ವಿಚಾರಣೆಗಳೆಷ್ಟು, ಅವುಗಳಲ್ಲಿ ಮಾರಾಟವಾದುವೆಷ್ಟು, ತಾಣಕ್ಕಾದ ಖರ್ಚೆಷ್ಟು ಎಂಬುದನ್ನು ಪ್ರತಿ ತಿಂಗಳೂ ಒಂದೇ ಹಾಳೆಯಲ್ಲಿ ಬರೆದಿಡಬೇಕು. ಮಾರಾಟ ತಾರದ ಮೊದಲ ಸ್ಥಾನಕ್ಕಿಂತ, ನಾಲ್ಕು ಖಾಯಂ ಗಿರಾಕಿಗಳನ್ನು ತಂದ ಮೂರನೆಯ ಸ್ಥಾನವೇ ಲೇಸು.