ವಾಟ್ನಿ ದೊಡ್ಡವರದು, ಸೂಟಿ ನಿಮ್ಮದು

ಏಪ್ರಿಲ್ ಎರಡನೇ ವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದಿಂದ ನವಲಗುಂದ, ಕುಂದಗೋಳ, ಕಲಘಟಗಿ ಕಡೆ ಹೋಗುವ ಬಸ್ಸುಗಳಲ್ಲಿ ಚೀಲ ಹಿಡಿದ ಮಕ್ಕಳೇ ಮಕ್ಕಳು. ಅಜ್ಜಿಯ ಊರಿಗೆ ಹೊರಟ ಇವರಲ್ಲಿ ಕೆಲವರಿಗಾದರೂ ಅಲ್ಲಿ ಸೀಕರಣಿಯ ಜೊತೆಗೆ ಜಗಳವೂ ಕಾದಿರುತ್ತದೆ. ಧಾರವಾಡದ ಕೋರ್ಟಿನಲ್ಲಿ ವಾಟ್ನಿ, ಅಂದರೆ ಆಸ್ತಿ ಪಾಲಿನ ದಾವೆಗಳಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ವಕೀಲ ನಾನು. ಆ ಕೆಲವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಗಳ ಬ್ಯಾಸಗಿಯಲ್ಲೇ ಯಾಕೆ ಏಳುತ್ತದೆ ಅನ್ನುವುದನ್ನು ಮೊದಲು ತಿಳಕೋ. ಹಿಂಗಾರಿ ಜೋಳ, ಕಡಲೆ, ಕುಸುಬೆ ಮನೆ ಸೇರಿ ಎರೆ ಹೊಲ ಬೋಳಾಗಿರುತ್ತದೆ. ಸರ್ವೇದವರು ಬಂದು ಬದು ಅಳೆದು ಕಲ್ಲು ನೆಡಲು ಇದೇ ಸರಿಯಾದ ಹೊತ್ತು. ರೋಹಿಣಿ ಮಳೆ ಬೀಳುವುದರೊಳಗೆ ಯಾವ ಪಟ್ಟಿ ಯಾರದು ಅಂತ ಆಗದಿದ್ದರೆ ಕೂರಿಗೆ ಹೂಡುವವರು ಯಾರು? ಮದುವೆ, ಜಾತ್ರೆ, ಬಸವ ಜಯಂತಿ ಅಂತ ಬೆಂಗಳೂರು, ಪುಣೆ ಸೇರಿದ ಅಣ್ಣತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು ಎಲ್ಲ ಒಂದೇ ಸೂರಿನಡಿ ಬರುವುದೂ ಈಗಲೇ. ಸಹಿ ಹಾಕಬೇಕಾದವರೆಲ್ಲ ಕೈಗೆ ಸಿಗುತ್ತಾರೆ. ಹೀಗಾಗಿ ಊಟದ ತಾಟು ಎತ್ತುವ ಮೊದಲೇ ಹೊಲದ ಉತಾರ ಹೊರಬೀಳುತ್ತದೆ. ಮೇ ತಿಂಗಳಲ್ಲಿ ಕೋರ್ಟಿಗೂ ಸೂಟಿ, ಜಗಳಕ್ಕೆ ಮಾತ್ರ ಇಲ್ಲ. ಎಷ್ಟೋ ಮಕ್ಕಳು "ನಾವು ಬರದಿದ್ರ ಛಲೋ ಇತ್ತು" ಅಂದುಕೊಂಡು ಮೂಲೆ ಹಿಡಿಯುತ್ತಾರೆ. ನೀನು ಬಂದದ್ದಕ್ಕೂ ಜಗಳ ಎದ್ದದ್ದಕ್ಕೂ ಸಂಬಂಧವಿಲ್ಲ. ಅದು ನಿನಗಿಂತ ಹಳೆಯದು.

ಈಗೀಗ ಹೆಚ್ಚು ನೋವು ತಿನ್ನುವವರು ಮಗಳ ಮಕ್ಕಳು. ಅವ್ವ ತವರಿನಲ್ಲಿ ಪಾಲು ಕೇಳಿರುತ್ತಾಳೆ. ನಿನ್ನೆಯ ತನಕ ನಿನ್ನ ತಟ್ಟೆಗೆ ತುಪ್ಪ ಬಡಿಸುತ್ತಿದ್ದ ಮಾಮಿ ಇವತ್ತು "ನಿಮ್ಮವ್ವ ಮನಿ ಒಡಿಯಾಕ ಬಂದಾಳ" ಅನ್ನುತ್ತಾಳೆ. ಕೇಳಿದ ಮಗುವಿಗೆ ಅವ್ವನೇ ಕಳ್ಳಿಯ ಹಾಗೆ ಕಾಣತೊಡಗುತ್ತಾಳೆ. ಹಾಗಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿದೆ. ಅದಕ್ಕೆ ಮೊದಲೇ ಮದುವೆಯಾದವರನ್ನು ಆಗ ಹೊರಗಿಟ್ಟಿದ್ದರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲಿ ಬಿಡಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟೂ ಹೇಳಿತು. ನಿಮ್ಮವ್ವ ಕೇಳುವುದು ದಾನವಲ್ಲ, ದುರಾಸೆಯೂ ಅಲ್ಲ. ಹಾಗಂತ ಮಾಮಾ ಕೆಟ್ಟವನೂ ಅಲ್ಲ. ಅಜ್ಜನ ಔಷಧಿ, ಬೋರಿನ ಖರ್ಚು, ಸೊಸೈಟಿಯ ಸಾಲ ಎಲ್ಲ ಅವನ ತಲೆ ಮೇಲೇ ಇದ್ದಿರಬಹುದು. ಆ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಎರಡೂ ಕಡೆ ನಿಜ ಇರುತ್ತದೆ. ತೂಗಲು ನ್ಯಾಯಾಧೀಶರಿಗೇ ವರ್ಷಗಳು ಬೇಕಾಗುತ್ತವೆ, ನೀನು ಮಧ್ಯಾಹ್ನದೊಳಗೆ ತೀರ್ಪು ಕೊಡಬೇಕಾಗಿಲ್ಲ.

ಮಾಮಾನ ಮಗಳು ನಿನ್ನ ಗೆಳತಿ ತಾನೆ? ಅವಳ ಜೊತೆ ಈ ಮಾತು ತೆಗೆಯಬೇಡ, ಅವಳು ತೆಗೆದರೆ ವಾದಕ್ಕೆ ನಿಲ್ಲಬೇಡ. "ಅದನ್ನ ಅವರ ನೋಡ್ಕೋತಾರ, ನೀ ಬಾರೇ" ಅಂದು ಗಿಡಮಂಗನಾಟಕ್ಕೆ ನಡೆ.

ಒಮ್ಮೆ ಒಂದು ದಾವೆಯಲ್ಲಿ ಇಬ್ಬರು ಸಣ್ಣ ಹುಡುಗರ ಹೆಸರೂ ಇತ್ತು. ಹಿರಿಯರ ಆಸ್ತಿಯಲ್ಲಿ ಮೈನರ್ ಮಕ್ಕಳಿಗೂ ಪಾಲಿರುವುದರಿಂದ ದೊಡ್ಡವರ ಮೂಲಕ ಅವರನ್ನೂ ಸೇರಿಸುವುದು ಉಂಟು. ದೊಡ್ಡಪ್ಪನ ಮಗ ವಾದಿ ನಂಬರ್ 4, ಕಾಕಾನ ಮಗ ಪ್ರತಿವಾದಿ ನಂಬರ್ 6. ಅಪ್ಪಂದಿರು ವರಾಂಡದ ಎರಡು ತುದಿಗೆ ಮುಖ ತಿರುವಿಕೊಂಡು ಕೂತಿದ್ದರು. ಮಕ್ಕಳು ಹೊರಗೆ ಮಣ್ಣಿನಲ್ಲಿ ಸಣ್ಣ ಕುಣಿ ತೋಡಿ ಗೋಲಿ ಆಡುತ್ತಿದ್ದರು. ಒಬ್ಬನ ಹತ್ತಿರ ಗೋಲಿ ಇರಲಿಲ್ಲ. ಇನ್ನೊಬ್ಬ ಚಡ್ಡಿಯ ಕಿಸೆ ಬರಿದು ಮಾಡಿ ಅರ್ಧ ಎಣಿಸಿ ಕೊಟ್ಟ, ಹಸಿರು ಗೆರೆಯ ದೊಡ್ಡದೊಂದನ್ನು ಮಾತ್ರ ತಿರುಗಿ ಇಸಕೊಂಡ. ನಾನು ಕಂಡ ವಾಟ್ನಿಗಳಲ್ಲಿ ಅಷ್ಟು ಬೇಗ ಮುಗಿದದ್ದು ಅದೊಂದೇ! ಕೋರ್ಟಿನ ದಾವೆ ವರ್ಷಗಟ್ಟಲೆ ಎಳೆಯಿತು. ಕಡೆಗೆ ರಾಜಿಗೆ ಕೂತಾಗ ಎಲ್ಲ ಕೂಡಿಬಂದು ಬದುವಿನ ಬಾವಿಯ ಹತ್ತಿರ ಮಾತು ಸಿಕ್ಕಿಕೊಂಡಿತು. ಅಷ್ಟೊತ್ತಿಗೆ ಕಾಲೇಜು ಸೇರಿದ್ದ ಆ ಹುಡುಗರೇ, ಒಂದು ದಿನ ಅವರು, ಒಂದು ದಿನ ಇವರು ಮೋಟರ್ ಹಚ್ಚಲಿ ಅಂತ ಮಾತು ಮುಗಿಸಿದರು. ಆ ಮನೆಯಲ್ಲಿ ಒಬ್ಬರಿಗೊಬ್ಬರು ಮಾತಾಡುತ್ತ ಉಳಿದವರು ಅವರಿಬ್ಬರೇ ಆಗಿದ್ದರು.

ಇನ್ನೊಂದು. ದೊಡ್ಡವರು ನಿನ್ನನ್ನು ಸುದ್ದಿ ತರಲು ಹಚ್ಚುತ್ತಾರೆ. ಕೈಗೆ ಶೇಂಗಾ ಉಂಡಿ ಕೊಟ್ಟು, ತಲೆ ಸವರಿ, "ಅವರ ಮನ್ಯಾಗ ನಿನ್ನೆ ಏನ್ ಮಾತಾಡಿದ್ರು?" ಅಂತ ಕೇಳುತ್ತಾರೆ. ಉಂಡಿ ತಿನ್ನು, ಅದಕ್ಕೇನು. ಸುದ್ದಿ ಮಾತ್ರ ಕೊಡಬೇಡ. ಸುಳ್ಳೂ ಬೇಡ, "ಅದನ್ನ ನೀವ ಕೇಳ್ರಿ, ನಾ ಹೇಳಂಗಿಲ್ಲ" ಅಂತ ಮೆತ್ತಗೆ ಅಂದರೆ ಎರಡನೇ ಸಲ ಕೇಳುವವರು ಕಡಿಮೆ. ನೀನು ಒಯ್ದ ಅರ್ಧ ಮಾತು ಅಲ್ಲಿ ಪೂರ್ತಿ ಮಾತಾಗುತ್ತದೆ, ಆಮೇಲೆ ಅದೇ ಅಫಿಡವಿಟ್ಟಿನಲ್ಲಿ ಬರುವುದನ್ನೂ ನಾನು ಓದಿದ್ದೇನೆ.

ಕೂಗಾಟ ಜೋರಾದ ರಾತ್ರಿ ಎಲ್ಲಾದರೂ ಓಡಿಹೋಗಬೇಕು ಅನಿಸಬಹುದು. ನಮ್ಮ ಭಾಗದಲ್ಲಿ ಇದಕ್ಕೆ ಗಾಯಕ ಭೀಮಸೇನ ಜೋಶಿಯವರ ಉದಾಹರಣೆ ಕೊಡುವವರೂ ಸಿಗುತ್ತಾರೆ. ಗದಗಿನ ಆ ಹುಡುಗ 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟದ್ದು ನಿಜ. ಜಲಂಧರದಲ್ಲಿ ಅವರನ್ನು ಪತ್ತೆ ಹಚ್ಚಿ ಮನೆಗೆ ಕರಕೊಂಡು ಬಂದದ್ದು ಅಪ್ಪನೇ ಅನ್ನುವುದನ್ನು ಮಾತ್ರ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಹುಡುಕಿದ ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ. ಅಲ್ಲಿಗೆ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿಯುತ್ತಿದ್ದರು. ಸಂಜೆ ಅವರನ್ನು ಸ್ಟೇಶನ್ನಿಗೆ ಬಿಡಲು ಹೋಗುವಾಗ ಭೀಮಸೇನರು ದಾರಿಯುದ್ದಕ್ಕೂ ಅವತ್ತಿನ ಪಾಠ ಕೇಳಿಕೊಳ್ಳುತ್ತಿದ್ದರಂತೆ. ಒಬ್ಬರು 1913ರಲ್ಲಿ ಹುಟ್ಟಿದವರು, ಇನ್ನೊಬ್ಬರು 1922ರಲ್ಲಿ. ಅಕ್ಕ-ತಮ್ಮನಂಥ ಆ ಒಡನಾಟ ಮುಪ್ಪಿನ ತನಕ ಉಳಿಯಿತು. ನಿನಗೂ ಬೇಕಾದದ್ದು ಅಂಥ ಒಬ್ಬ ಅಕ್ಕ, ರೈಲಲ್ಲ. ಇವತ್ತಿನ ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು ಅಂತ ನಮಗೆಲ್ಲ ಹೆಮ್ಮೆ. ಆದರೆ ಒಂಟಿ ಹುಡುಗನನ್ನು ಅಲ್ಲಿ ಮೊದಲು ಗುರುತಿಸುವವರು ಒಳ್ಳೆಯವರೇ ಇರುತ್ತಾರೆ ಅಂತ ಹೇಳಲಾಗದು.

ಜಗಳ ಬೇರೆ, ಹೊಡೆತ ಬೇರೆ. ಊರಿನ ಗೆಳೆಯನ ಮನೆಯಲ್ಲಿ ಅಪ್ಪ ಕುಡಿದು ಬಂದು ಅವ್ವನ ಮೇಲೆ, ಮಕ್ಕಳ ಮೇಲೆ ಕೈ ಮಾಡುತ್ತಿದ್ದರೆ ಅದು "ಅವರ ಮನಿ ಮಾತು" ಅಲ್ಲ. ಅವನು "ಯಾರಿಗೂ ಹೇಳಬ್ಯಾಡ" ಅಂತ ಆಣೆ ಹಾಕಿಸಿಕೊಂಡಿದ್ದರೂ ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳು. ಅಂಥವರು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಅವನ ಅವ್ವನಿಗೆ ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ಸಿಗುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯ ಎಷ್ಟೆಂದು ಕೇಳುವುದಿಲ್ಲ. ಉಳಿದಂತೆ ಅವನನ್ನು ಕೆದಕಬೇಡ. ಹೊತ್ತು ಮುಳುಗಿದರೂ ಅವನು ಮನೆಗೆ ಹೋಗಲು ಹಿಂದೆಮುಂದೆ ನೋಡಿದರೆ ಅಜ್ಜಿಗೆ ಇನ್ನೊಂದು ರೊಟ್ಟಿ ಬಡಿಯಲು ಹೇಳು.

ಊರು ಬಿಡುವ ದಿನ ಎರಡು ಮನೆಯವರು ಮಾತು ಬಿಟ್ಟಿದ್ದರೂ ನೀನು ಮಾಮಾ-ಮಾಮಿಯ ಕಾಲಿಗೆ ಬಿದ್ದೇ ಬಸ್ ಹತ್ತು. ಮಾಮಾನ ಮಗಳ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ, ಯಾಕೆಂದರೆ ಅವ್ವನ ಫೋನಿನಿಂದ ಅದು ಯಾವತ್ತಾದರೂ ಅಳಿಸಿಹೋಗಬಹುದು. ಮಾತಾಡಬೇಕು ಅನಿಸಿದಾಗ ಕದ್ದು ಮಾಡಬೇಡ. "ಅವ್ವಾ, ನಾ ಅಕಿಗೆ ಫೋನ್ ಮಾಡಾಕತ್ತೇನಿ" ಅಂತ ಹೇಳಿಯೇ ಹಚ್ಚು. ಮೊದಲ ಸಲ ಗದರಿಯಾಳು. ನಾಲ್ಕು ದಿನ ಬಿಟ್ಟು ಮತ್ತೆ ಕೇಳು.