ಮೂರೂ ಮಾಪನಗಳು ಪಾಸಾದರೂ ಅರ್ಜಿ ಫೇಲು: ಸಂಖ್ಯಾಶಾಸ್ತ್ರದ ಒಂದು ಪಾಠಾನುಭವ

ಅಭ್ಯಾಸ ಬೋಧನೆಯ ಮೂರನೇ ವಾರದಲ್ಲಿ ನನಗೆ 10ನೇ ತರಗತಿಯ ಸಂಖ್ಯಾಶಾಸ್ತ್ರ ಘಟಕ ಬಂತು. ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಮಕ್ಕಳು ಸರಿಯಾಗಿ ಲೆಕ್ಕ ಹಾಕುತ್ತಿದ್ದರು. ಆದರೆ ಯಾವುದನ್ನು ಎಲ್ಲಿ ಬಳಸಬೇಕು ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಅದಕ್ಕಾಗಿ ಬ್ರಿಟನ್ನಿನ ವಿದ್ಯಾರ್ಥಿ ವೀಸಾ ನಿಯಮವನ್ನು ಉದಾಹರಣೆಯಾಗಿ ಆರಿಸಿಕೊಂಡೆ.

ವಿಷಯಾಂಶ: 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಅರ್ಜಿದಾರರಿಗೆ 70 ಅಂಕ ಬೇಕು. ಪರವಾನಗಿ ಪಡೆದ ಶಿಕ್ಷಣ ಸಂಸ್ಥೆಯ ಪ್ರವೇಶ ದೃಢೀಕರಣ ಮತ್ತು ವ್ಯಾಸಂಗದ ಷರತ್ತುಗಳಿಗೆ 50, ಹಣಕಾಸಿಗೆ 10, ಇಂಗ್ಲಿಷ್ ಭಾಷಾ ಸಾಮರ್ಥ್ಯಕ್ಕೆ 10. ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ ಗರಿಷ್ಠ 9 ತಿಂಗಳ ಜೀವನವೆಚ್ಚವನ್ನು ತೋರಿಸಬೇಕು. ಲಂಡನ್ನಿಗೆ ಒಂದು ದರ, ಹೊರಗಿನ ಊರುಗಳಿಗೆ ಇನ್ನೊಂದು. ಹಣ ತಂದೆ ಅಥವಾ ತಾಯಿಯ ಖಾತೆಯಲ್ಲಿದ್ದರೂ ನಡೆಯುತ್ತದೆ. ಸಂಬಂಧದ ದಾಖಲೆ, ಒಪ್ಪಿಗೆ ಪತ್ರ ಬೇಕು. ಆದರೆ ಆ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನವೂ ಕೆಳಗಿಳಿಯಬಾರದು.

ಮೊದಲ ಪ್ರಯತ್ನ: ‘ಎ’ ವಿಭಾಗದಲ್ಲಿ ನಿಯಮವನ್ನು ಮೊದಲೇ ಹೇಳಿ ಲೆಕ್ಕ ಕೊಟ್ಟೆ. ಮಕ್ಕಳು ಬರೆದುಕೊಂಡರು, ಅಷ್ಟೇ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ, “ಉತ್ತರ ಹೇಳಿ ಆಮೇಲೆ ಪ್ರಶ್ನೆ ಕೇಳಿದ್ದೀರಿ” ಎಂದು ಬರೆದರು.

ಎರಡನೇ ಪ್ರಯತ್ನ: ‘ಬಿ’ ವಿಭಾಗದಲ್ಲಿ ಕ್ರಮ ಬದಲಿಸಿದೆ. ಬೇಕಾದ ಮೊತ್ತ 15 ಲಕ್ಷ ಎಂದುಕೊಳ್ಳಿ. ಖಾತೆಯಲ್ಲಿ 27 ದಿನ 16 ಲಕ್ಷ, ಒಂದು ದಿನ ಮಾತ್ರ 10 ಲಕ್ಷ. “ನೀವೇ ವೀಸಾ ಅಧಿಕಾರಿ. ಒಪ್ಪುತ್ತೀರಾ?” ಸರಾಸರಿ ಸುಮಾರು 15.79 ಲಕ್ಷ, ಮಧ್ಯಾಂಕ 16, ಬಹುಲಕ 16. ಎಲ್ಲರೂ ಒಪ್ಪಿಗೆಗೆ ಕೈ ಎತ್ತಿದರು. ಆಗ ನಿಯಮ ಹೇಳಿದೆ. “ಒಂದೇ ದಿನ ಅಲ್ವಾ ಸರ್?” ಎಂದು ಗಲಾಟೆ ಎದ್ದಿತು. 28 ದಿನ ಏಕಿರಬಹುದು ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗಿ ಹೇಳಿದಳು: “ತೋರಿಸೋಕೆ ಅಂತ ಸಾಲ ತಂದ ದುಡ್ಡು ಅಷ್ಟು ದಿನ ನಿಲ್ಲಲ್ಲ ಸರ್.” ನನ್ನ ಪಾಠಯೋಜನೆಯಲ್ಲಿ ಈ ಉತ್ತರ ಇರಲಿಲ್ಲ.

ಇನ್ನೊಬ್ಬ ಕೇಳಿದ: “70ಕ್ಕೆ 60 ಬಂದರೆ ಶೇ. 85ಕ್ಕಿಂತ ಜಾಸ್ತಿ. ಆದರೂ ಇಲ್ವಾ?” ಇಲ್ಲ. ಒಟ್ಟು ಇರುವುದೇ 70, ಬೇಕಾದದ್ದೂ 70. ನೋಡಲು ಸಂಕಲನ, ಒಳಗೆ ಮೂರು ಷರತ್ತುಗಳು. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ಹಣದ ಷರತ್ತಿನಲ್ಲಿಯೂ ಹಾಗೆಯೇ, ಇಲ್ಲಿ ನೋಡಬೇಕಾದದ್ದು ಕನಿಷ್ಠ ಬೆಲೆಯನ್ನು.

“ನಿಜವಾಗಿ ಯಾರಿಗಾದ್ರೂ ಹೀಗಾಗಿದೆಯಾ ಸರ್?” ಎಂಬ ಪ್ರಶ್ನೆಗೆ ಸ್ವಲ್ಪ ಹೊತ್ತು ತಡೆದೆ. ನಂತರ ಹೇಳಿದೆ: ನನ್ನ ಅಕ್ಕನಿಗೆ. ಹತ್ತೊಂಬತ್ತನೇ ದಿನ ಅಪ್ಪ ಅಜ್ಜಿಯ ಆಸ್ಪತ್ರೆ ಖರ್ಚಿಗೆ ಹಣ ತೆಗೆದರು, ನಾಲ್ಕು ದಿನದಲ್ಲಿ ಮತ್ತೆ ತುಂಬಿದರು. ನಿಯಮ ಗೊತ್ತಿದ್ದರೆ ಹೊಸದಾಗಿ 28 ದಿನ ಎಣಿಸಿ ಆಮೇಲೆ ಅರ್ಜಿ ಹಾಕುತ್ತಿದ್ದೆವು. ಮನೆಯಲ್ಲಿ ಗಣಿತ ಓದಿದವನು ನಾನೊಬ್ಬನೇ. ಪಾಸ್‌ಬುಕ್ ನೋಡಿ “ಸಾಕಾಗುತ್ತೆ” ಎಂದವನೂ ನಾನೇ.

ತರಗತಿ ನಿಶ್ಶಬ್ದವಾಯಿತು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಸರಾಸರಿ ಸಾಕಾಗದ, ಕನಿಷ್ಠ ಬೆಲೆಯನ್ನೇ ನೋಡಬೇಕಾದ ಸಂದರ್ಭವೊಂದನ್ನು ಬರೆಯಿರಿ. ಸೇತುವೆಯ ಕಂಬಗಳು, ಸರಪಳಿಯ ಕೊಂಡಿ, ಪ್ರತಿ ವಿಷಯದಲ್ಲೂ ಪಾಸಾಗಬೇಕಾದ ಪರೀಕ್ಷೆ ಎಂಬ ಉತ್ತರಗಳು ಬಂದವು. ಈ ಘಟಕ ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳು ಮೊದಲು ಮಕ್ಕಳಿಂದ ತೀರ್ಪು ಪಡೆದು, ಆಮೇಲೆ ನಿಯಮ ಹೇಳಿ ನೋಡಬಹುದು.